ಸೇಬುಹಣ್ಣಿನ ಚಿತ್ರಕಾರ ಪಾಲ್ ಸೆಜಾನ್

ಅರಸರ ವೈಭವವನ್ನೂ ದೇವತೆಗಳ ಮಹಿಮೆಯನ್ನೂ ಚಿತ್ರಿಸಿ ಕೀರ್ತಿವಂತರಾದ ಕಲಾವಿದರು ಲೋಕದಲ್ಲಿ ಅನೇಕರು. ಹೂಜಿ, ತಟ್ಟೆ, ಮೇಜಿನ ವಸ್ತ್ರ, ನಾಲ್ಕಾರು ಸೇಬುಹಣ್ಣು ಮುಂತಾದ ಅಲ್ಪವಸ್ತುಗಳಿಂದಲೇ ಚಿತ್ರಕಲೆಗೆ ಹೊಸ ಹಾದಿಯನ್ನು ತೋರಿದವನು ಪಾಲ್ ಸೆಜಾನ್.

ಈತನು 1839ನೆಯ ಇಸವಿಯ ಜನವರಿ 19ರಂದು ದಕ್ಷಿಣ ಫ್ರಾನ್ಸಿನ ಏಕ್ಸ್ ಪಟ್ಟಣದಲ್ಲಿ ಜನಿಸಿದನು. ತಂದೆಯು ಟೋಪಿಯ ವ್ಯಾಪಾರದಿಂದ ಮೇಲೆ ಬಂದು ಬ್ಯಾಂಕಿನ ಒಡೆಯನಾದವನು. ಮಗನು ನ್ಯಾಯಶಾಸ್ತ್ರವನ್ನು ಓದಬೇಕೆಂಬುದು ಅವನ ಅಪೇಕ್ಷೆ. ಆದರೆ ಸೆಜಾನನ ಮನಸ್ಸು ಬಣ್ಣಗಳಲ್ಲಿ ನೆಟ್ಟಿತ್ತು. ಮುಂದೆ ಪ್ರಸಿದ್ಧ ಕಾದಂಬರಿಕಾರನಾದ ಎಮಿಲ್ ಜೋಲಾ ಈತನ ಸಹಪಾಠಿ. ಆ ಗೆಳೆಯನ ಪ್ರೋತ್ಸಾಹದಿಂದ ಸೆಜಾನನು 1861ರಲ್ಲಿ ಪ್ಯಾರಿಸ್ ನಗರವನ್ನು ಸೇರಿದನು.

ಅಲ್ಲಿ ಅವನಿಗೆ ದೊರೆತುದು ತಿರಸ್ಕಾರವೇ. ಸಲೋನ್ ಎಂಬ ಅಧಿಕೃತ ಪ್ರದರ್ಶನದವರು ವರ್ಷವರ್ಷವೂ ಅವನ ಚಿತ್ರಗಳನ್ನು ಹಿಂದಿರುಗಿಸಿದರು. 1882ರಲ್ಲಿ ಒಮ್ಮೆ ಮಾತ್ರ ಒಂದು ಚಿತ್ರಕ್ಕೆ ಪ್ರವೇಶ ದೊರೆಯಿತು. ಹಿರಿಯ ಕಲಾವಿದ ಪಿಸಾರೋವಿನ ಸಹವಾಸದಲ್ಲಿ ಪ್ರಕೃತಿಯನ್ನು ಕಣ್ಣಾರೆ ಕಂಡು ಚಿತ್ರಿಸುವುದನ್ನು ಕಲಿತು, 1874 ಮತ್ತು 1877ರಲ್ಲಿ ಇಂಪ್ರೆಷನಿಸ್ಟರೊಡನೆ ಚಿತ್ರಗಳನ್ನು ಪ್ರದರ್ಶಿಸಿದಾಗಲೂ ಜನರು ನಕ್ಕರು. ಅನಂತರ ಅವನು ಹೆಚ್ಚು ಕಾಲ ಹುಟ್ಟೂರಿನ ಕಡೆಯಲ್ಲಿಯೇ ಇದ್ದು, ಏಕಾಂತದಲ್ಲಿ ಸಾಧನೆಗೈದನು.

ಪುರಾಣೇತಿಹಾಸಗಳ ಚಿತ್ರವೇ ಶ್ರೇಷ್ಠ, ಸ್ಥಿರವಸ್ತುಗಳ ಚಿತ್ರ ಕನಿಷ್ಠ ಎಂಬುದು ಆ ದೇಶದ ಕಲಾಶಾಲೆಗಳ ಹಳೆಯ ಕಟ್ಟಳೆ. ಸೆಜಾನನು ಆ ಕನಿಷ್ಠವನ್ನೇ ಕೈಹಿಡಿದನು. ಹಣ್ಣುಗಳನ್ನು ಮೇಜಿನ ಮೇಲೆ ಜೋಡಿಸಿ, ಬೇಕಾದ ಓರೆಗೆ ನಿಲ್ಲಿಸಲು ಅವುಗಳ ಅಡಿಯಲ್ಲಿ ನಾಣ್ಯಗಳನ್ನಿಡುತ್ತಿದ್ದನು. ಒಂದೊಂದು ಕುಂಚದ ಗೆರೆಗೂ ದೀರ್ಘಕಾಲ ಆಲೋಚಿಸುತ್ತಿದ್ದುದರಿಂದ ಚಿತ್ರ ಮುಗಿಯುವ ಮೊದಲೇ ಹಣ್ಣು ಕೊಳೆಯುತ್ತಿತ್ತು, ಹೂ ಬಾಡುತ್ತಿತ್ತು. ಆದಕಾರಣ ಕಾಗದದ ಹೂಗಳನ್ನೂ ಬಳಸಿದನು. ನೆರಳನ್ನು ಕಪ್ಪಿನಿಂದ ತುಂಬದೆ, ಕೆಂಪು, ಹಳದಿ, ಹಸಿರುಗಳ ತುಣುಕುಗಳನ್ನು ಒತ್ತೊತ್ತಾಗಿ ಇರಿಸಿ ಹಣ್ಣಿನ ದುಂಡುತನವನ್ನು ಮೂಡಿಸಿದನು. 1893ರ ಸುಮಾರಿನ ‘ಸೇಬಿನ ಬುಟ್ಟಿ’ ಎಂಬ ಚಿತ್ರದಲ್ಲಿ ಸೀಸೆ ವಾಲಿದೆ. ಬಟ್ಟೆಯ ಎಡಬಲಗಳಲ್ಲಿ ಮೇಜಿನ ಅಂಚುಗಳು ಒಂದೇ ರೇಖೆಗೆ ಕೂಡುವುದಿಲ್ಲ. ಇದು ಕೈಯ ದೋಷವಲ್ಲ. ನಾವು ಒಂದು ವಸ್ತುವನ್ನು ನೋಡುವಾಗ ಕಣ್ಣು ಒಂದೆಡೆ ನಿಲ್ಲದೆ ಚಲಿಸುತ್ತದೆ. ಹಾಗೆ ಬೇರೆಬೇರೆ ನೆಲೆಗಳಿಂದ ಕಂಡುದನ್ನು ಅವನು ಒಂದೇ ಪಟದಲ್ಲಿ ಕೂಡಿಸಿದನು.

1886ರಲ್ಲಿ ತಂದೆ ತೀರಿಕೊಂಡ ಮೇಲೆ ಬಂದ ಆಸ್ತಿಯಿಂದ ಜೀವನದ ಚಿಂತೆ ನೀಗಿದರೂ ಮನ್ನಣೆ ತಡವಾಯಿತು. ಪ್ಯಾರಿಸಿನ ಚಿತ್ರವ್ಯಾಪಾರಿ ವೊಲಾರ್ 1895ರಲ್ಲಿ ಅವನ ಚಿತ್ರಗಳದೇ ಒಂದು ಪ್ರದರ್ಶನವನ್ನು ಏರ್ಪಡಿಸಿದಾಗ ಸೆಜಾನನಿಗೆ 56 ವರ್ಷ. ತರುಣ ಕಲಾವಿದರು ಅವನನ್ನು ಗುರುವೆಂದು ಬಗೆಯತೊಡಗಿದರು. 1906ರ ಅಕ್ಟೋಬರಿನಲ್ಲಿ ಬಯಲಿನಲ್ಲಿ ಚಿತ್ರಿಸುತ್ತಿದ್ದಾಗ ಬಿರುಮಳೆಗೆ ಸಿಕ್ಕಿ ಕುಸಿದು ಬಿದ್ದವನು ಮರುದಿನವೇ ಮತ್ತೆ ಕುಂಚವನ್ನು ಹಿಡಿದನು. ಆದರೆ ಚೇತರಿಸಿಕೊಳ್ಳದೆ ಅದೇ ತಿಂಗಳಿನಲ್ಲಿ ಕಾಲವಶನಾದನು. ಮರುವರ್ಷ ಪ್ಯಾರಿಸಿನಲ್ಲಿ ನಡೆದ ಅವನ ಸ್ಮರಣೆಯ ಮಹಾಪ್ರದರ್ಶನವು ಹೊಸ ಪೀಳಿಗೆಯ ಕಣ್ಣನ್ನು ತೆರೆಸಿತು. ಪಿಕಾಸೋ, ಬ್ರಾಕ್ ಇವರ ಕ್ಯೂಬಿಸಂ ಪಂಥಕ್ಕೆ ಅವನ ಕೃತಿಗಳೇ ಆಧಾರವಾದವು.

ದಿನವೂ ಕಾಣುವುದನ್ನು ನಾವು ನೋಡಿಯೂ ನೋಡದವರಾಗಿರುತ್ತೇವೆ. ಒಂದು ಹಣ್ಣನ್ನು ಪೂರ್ಣವಾಗಿ ನೋಡಲು ಒಂದು ಆಯುಷ್ಯವೂ ಸಾಲದೆಂಬುದನ್ನು ಸೆಜಾನನ ಬಾಳು ತೋರಿಸುತ್ತದೆ. ನಗುವವರ ನಡುವೆ ನಾಲ್ಕು ದಶಕಗಳಿಗೂ ಮಿಕ್ಕಿ ಕುಂಚವನ್ನು ಕೆಳಗಿಡದ ಆ ನಿಷ್ಠೆಯು ಚಿತ್ರ ಬರೆಯುವ ವಿದ್ಯಾರ್ಥಿಗೆ ಮಾತ್ರವಲ್ಲ, ಯಾವ ವಿದ್ಯೆಯನ್ನು ಕಲಿಯುವವನಿಗೂ ಅನುಕರಣೀಯವಾದುದು.