ಅರವತ್ತು ಗೋಲುಗಳ ಡೀನ್

ಅಂಕಿಗಳ ಪುಸ್ತಕವನ್ನು ಆಸಕ್ತಿಯಿಂದ ಓದುವವರನ್ನು ಕಂಡರೆ ನನಗೆ ಬಹುಕಾಲ ಮರುಕವೇ ಆಗುತ್ತಿತ್ತು. ರೈಲ್ವೆಯ ವೇಳಾಪಟ್ಟಿಯನ್ನು ಕಾವ್ಯವೆಂದು ಓದುವವರುಂಟೇ? ಹೀಗಿರುವಾಗ ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನ ಎವರ್ಟನ್ ಕಾಲ್ಚೆಂಡು ಕ್ಲಬ್ಬಿನ ದಾಖಲೆಗಳ ಪುಸ್ತಕವೊಂದನ್ನು ಹಳಗನ್ನಡ ಪಠ್ಯದೊಳಗೆ ಬಚ್ಚಿಟ್ಟುಕೊಂಡು ಓದುತ್ತಿದ್ದುದನ್ನು ಕಂಡೆ. ಪುಸ್ತಕವನ್ನು ಕಿತ್ತುಕೊಂಡೆ, ಶಿಕ್ಷೆಯೆಂದು ಅವನಿಗೆ, ಕುತೂಹಲಕ್ಕೆಂದು ನನಗೆ. ಆ ರಾತ್ರಿ ಊಟವಾದ ಮೇಲೆ ತೆರೆದ ಪುಟದಲ್ಲಿ ಒಂದೇ ಸಾಲು ಕಣ್ಣಿಗೆ ಬಿದ್ದಿತು. ಡೀನ್, 1925ರಿಂದ 1938, ಲೀಗ್ ಪಂದ್ಯಗಳು 399, ಗೋಲುಗಳು 349. ಮುಂದಿನ ಪುಟದಲ್ಲಿ ಇನ್ನೊಂದು: 1927–28, ಪಂದ್ಯಗಳು 39, ಗೋಲುಗಳು 60.

ಶಾಸನಗಳನ್ನು ಓದಿ ಅಭ್ಯಾಸವಿರುವವನಿಗೆ ಇಂಥ ಸಾಲು ಕಂಡರೆ ಸುಮ್ಮನಿರಲಾಗದು. ಮಿತಿ, ವರ್ಷ, ದತ್ತಿಯ ಅಳತೆ ಎಲ್ಲವೂ ಕಲ್ಲಿನಲ್ಲಿರುತ್ತವೆ. ಮನುಷ್ಯನನ್ನು ಮಾತ್ರ ನಾವೇ ಹುಡುಕಬೇಕು. ನಾನೂ ಹುಡುಕತೊಡಗಿದೆ.

ವಿಲಿಯಂ ರಾಲ್ಫ್ ಡೀನ್ ಹುಟ್ಟಿದ್ದು 1907ರ ಜನವರಿ 22ರಂದು, ಲಿವರ್‌ಪೂಲಿನ ಎದುರು ದಂಡೆಯ ಬರ್ಕನ್‌ಹೆಡ್ ಪಟ್ಟಣದಲ್ಲಿ. ನಡುವೆ ಹರಿಯುವುದು ಮರ್ಸಿ ನದಿ. ತಂದೆ ರೈಲು ಎಂಜಿನ್ ನಡೆಸುವವನು. ಹುಡುಗ ನಸುಕಿನಲ್ಲೆದ್ದು ಮನೆಮನೆಗೆ ಹಾಲು ಹಂಚುತ್ತಿದ್ದ. ಉಳಿದ ಹೊತ್ತೆಲ್ಲ ಚೆಂಡು. ಜನ ಅವನನ್ನು ಡಿಕ್ಸಿ ಎಂದು ಕರೆದರು, ಜಗತ್ತು ಇಂದಿಗೂ ಹಾಗೆಯೇ ಕರೆಯುತ್ತದೆ. ಆತನಿಗೆ ಆ ಹೆಸರು ಹಿಡಿಸುತ್ತಿರಲಿಲ್ಲ. ಬಿಲ್ ಎಂದರೆ ಸಾಕಿತ್ತು. ಆದುದರಿಂದ ನಾನು ಡೀನ್ ಎಂದೇ ಬರೆಯುತ್ತೇನೆ.

ಊರಿನ ಟ್ರಾನ್‌ಮಿಯರ್ ರೋವರ್ಸ್ ತಂಡಕ್ಕೆ 1924–25ರಲ್ಲಿ 27 ಪಂದ್ಯಗಳಿಂದ 27 ಗೋಲು ಹೊಡೆದಾಗ ಆತನಿನ್ನೂ ಹದಿನೆಂಟರ ಹುಡುಗ. 1925ರ ಮಾರ್ಚಿಯಲ್ಲಿ ಎವರ್ಟನ್ 3,000 ಪೌಂಡು ಕೊಟ್ಟು ಕೊಂಡಿತು. ಈ ಮೊತ್ತವನ್ನು ಓದುಗರು ನೆನಪಿಟ್ಟುಕೊಂಡಿರಬೇಕು. ಮೊದಲ ಪೂರ್ಣ ಋತುವಿನಲ್ಲಿಯೇ 32 ಗೋಲು. ಅಷ್ಟರಲ್ಲಿ, 1926ರ ಬೇಸಗೆಯಲ್ಲಿ, ಉತ್ತರ ವೇಲ್ಸಿನ ಹಾಲಿವೆಲ್ ಬಳಿ ಮೋಟಾರು ಸೈಕಲ್ಲಿನ ಅಪಘಾತವಾಗಿ ತಲೆಬುರುಡೆ ಒಡೆಯಿತು, ದವಡೆ ಮುರಿಯಿತು. ಬದುಕಿದರೂ ಆಡಲಾರ ಎಂಬ ಮಾತು ಹಬ್ಬಿತು. ತಲೆಯಿಂದ ಚೆಂಡು ಹೊಡೆಯುವುದರಲ್ಲಿಯೇ ಹೆಸರಾದವನಿಗೆ ತಲೆಯ ಮೂಳೆಯೇ ಒಡೆದರೆ ಇನ್ನೇನು ಉಳಿಯಿತು? ಆ ವರ್ಷದ ಶರತ್ಕಾಲದಲ್ಲಿ ಆತ ಮತ್ತೆ ಕಣಕ್ಕಿಳಿದ. ಆ ಋತುವಿನ ಲೆಕ್ಕ 27 ಪಂದ್ಯ, 21 ಗೋಲು. ಪುಸ್ತಕದಲ್ಲಿ ಅಷ್ಟೇ ಇದೆ. ಕಡಮೆ ಆಡಿದ ವರ್ಷವೆಂದು ಕಣ್ಣು ಹಾಯಿಸಿ ಮುಂದೆ ಹೋಗಿಬಿಡುವ ಸಾಲು ಅದು.

ಇನ್ನು ಆ 60. ಇದನ್ನು ಕುರಿತು ವಿದ್ಯಾರ್ಥಿಯೊಡನೆ ನನಗೆ ಸಣ್ಣದೊಂದು ವಾಗ್ವಾದವೇ ನಡೆಯಿತು. ಎರಡು ದಿನ ಓದಿದ ವಿದ್ಯೆಯ ಬಲದಿಂದ ನಾನು ಹೇಳಿದೆ: ಇದು ಆಟಗಾರನ ಪ್ರತಾಪಕ್ಕಿಂತ ಹೆಚ್ಚಾಗಿ ನಿಯಮದ ಫಲ. 1925ರವರೆಗೆ, ಚೆಂಡು ತನ್ನತ್ತ ಬರುವಾಗ ಆಟಗಾರನ ಮುಂದೆ ಎದುರು ತಂಡದ ಮೂವರಾದರೂ ಇರಬೇಕಿತ್ತು, ಇಲ್ಲವಾದರೆ ಆಫ್‌ಸೈಡ್. ಆ ವರ್ಷ ಮೂವರನ್ನು ಇಬ್ಬರಾಗಿಸಿದರು. ಕಟ್ಟೆಯೊಡೆದಂತಾಯಿತು. ಮೊದಲ ವಿಭಾಗದಲ್ಲಿ 1924–25ರಲ್ಲಿ ಒಟ್ಟು 1,192 ಗೋಲುಗಳಾಗಿದ್ದರೆ ಮರುವರ್ಷ 1,703. ಹುಡುಗ ಸಾವಧಾನವಾಗಿ ಕೇಳಿದ, ಬಳಿಕ ಪುಟ ತಿರುವಿ ತೋರಿಸಿದ. ಹೊಸ ನಿಯಮದ ಮೊದಲ ವರ್ಷ ಆ ವಿಭಾಗದ ಅತಿ ಹೆಚ್ಚಿನ ಗೋಲುಗಾರನಿಗೆ ಸಿಕ್ಕಿದ್ದು 43. ಎರಡನೆಯ ವರ್ಷ 37. ಮೂರನೆಯ ವರ್ಷ ಡೀನ್‌ಗೆ 60. ನಿಯಮವು ಎಲ್ಲರಿಗೂ ಒಂದೇ ಆಗಿತ್ತಲ್ಲ ಸಾರ್, ಎಂಬುದು ಅವನ ವಾದ. ಎರಡನೆಯ ವಿಭಾಗದಲ್ಲಿ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್ಸೆಲ್ ಹಿಂದಿನ ವರ್ಷವೇ 59 ಹೊಡೆದಿದ್ದುದನ್ನು ನಾನು ಎತ್ತಿದೆ. ಮೊದಲ ವಿಭಾಗವೇ ಬೇರೆ ಎಂದು ಅವನು ಒಪ್ಪಲಿಲ್ಲ. ಸೋತೆನೆಂದು ನಾನೂ ಬಾಯಿಬಿಟ್ಟು ಹೇಳಲಿಲ್ಲ. ಅಧ್ಯಾಪಕರಿಗೆ ಆ ಅಭ್ಯಾಸ ಕಡಮೆ.

ಋತುವಿನ ಕೊನೆಯ ಪಂದ್ಯದ ಹಿಂದಿನ ವಾರ ಬರ್ನ್ಲಿಯ ಮೇಲೆ ನಾಲ್ಕು ಗೋಲು ಬಂದು ಲೆಕ್ಕ 57ಕ್ಕೆ ಮುಟ್ಟಿತು. ಕ್ಯಾಮ್ಸೆಲ್‌ನನ್ನು ದಾಟಲು ಇನ್ನು ಮೂರು ಬೇಕು, ಉಳಿದಿರುವುದು ಒಂದೇ ಪಂದ್ಯ. 1928ರ ಮೇ 5, ಶನಿವಾರ, ಎವರ್ಟನ್ನಿನ ಗುಡಿಸನ್ ಪಾರ್ಕ್. ಎದುರಿಗೆ ಲಂಡನ್ನಿನ ಆರ್ಸೆನಲ್. ಲೀಗ್ ಪಟ್ಟ ಆಗಲೇ ಎವರ್ಟನ್ನಿನ ಕೈಸೇರಿತ್ತು. ನೆರೆದ ನಲವತ್ತು ಸಾವಿರಕ್ಕೂ ಮಿಕ್ಕ ಜನ ಬಂದಿದ್ದುದು ಒಬ್ಬನ ಲೆಕ್ಕ ನೋಡಲಿಕ್ಕೆ. ಆರ್ಸೆನಲ್ ಮೊದಲು ಗೋಲು ಹೊಡೆಯಿತು. ಡೀನ್ ಅದನ್ನು ಸರಿಗಟ್ಟಿದ, ಪೆನಾಲ್ಟಿಯಿಂದ ಇನ್ನೊಂದು. ಆಮೇಲೆ ಹೊತ್ತು ಸರಿಯುತ್ತಿತ್ತು, ಮೂರನೆಯದು ಬರಲೊಲ್ಲದು. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಎಡಗಡೆಯ ಆಟಗಾರ ಅಲೆಕ್ ಟ್ರೂಪ್ ಮೂಲೆಯಿಂದ ಚೆಂಡನ್ನು ಎತ್ತಿ ಕಳಿಸಿದ. ಟ್ರೂಪ್ ಗಿಡ್ಡ ಆಳು, ಸಡಿಲಗೊಂಡ ಭುಜಕ್ಕೆ ಪಟ್ಟಿ ಕಟ್ಟಿಕೊಂಡೇ ಆಡುತ್ತಿದ್ದವನು. ಗೋಲುಗಾರರ ಪಟ್ಟಿಯಲ್ಲಿ ಅಂಥವರ ಹೆಸರು ಮೇಲೆ ಬರುವುದಿಲ್ಲ. ಚೆಂಡು ಬಂತು, ಎರಡು ವರ್ಷದ ಹಿಂದೆ ಒಡೆದಿದ್ದ ಆ ತಲೆ ಮೇಲೆದ್ದಿತು. ಅರವತ್ತು. ಬಳಿಕ ಆರ್ಸೆನಲ್ ಇನ್ನೊಂದು ಹೊಡೆದು ಪಂದ್ಯ 3–3 ಆಯಿತು. ಆ ಹೊತ್ತಿನಲ್ಲಿ ಅದನ್ನು ಯಾರು ಲೆಕ್ಕಿಸಿಯಾರು! ಎವರ್ಟನ್ ಆ ಋತುವಿನಲ್ಲಿ ಹೊಡೆದ 102 ಗೋಲುಗಳಲ್ಲಿ 60 ಈ ಇಪ್ಪತ್ತೊಂದರ ತರುಣನವು. ಇಂಗ್ಲೆಂಡಿನ ಮೊದಲ ವಿಭಾಗದಲ್ಲಿ ಅಂದಿನಿಂದ ಇಂದಿನವರೆಗೆ ಯಾರೂ ಅಷ್ಟು ದೂರ ಹೋಗಿಲ್ಲ. ಈಗಿನ ಪ್ರೀಮಿಯರ್ ಲೀಗಿನಲ್ಲಿ 2022–23ರಲ್ಲಿ ಎರ್ಲಿಂಗ್ ಹಾಲೆಂಡ್ 36 ಹೊಡೆದುದೇ ದೊಡ್ಡ ಸುದ್ದಿಯಾಯಿತು.

ಆಗ ಆಟಗಾರರ ಸಂಬಳಕ್ಕೆ ಲೀಗೇ ಮಿತಿ ಹಾಕಿತ್ತು. ಋತುವಿನಲ್ಲಿ ವಾರಕ್ಕೆ ಹೆಚ್ಚೆಂದರೆ 8 ಪೌಂಡು, ಬೇಸಗೆಯಲ್ಲಿ 6. ಅರವತ್ತು ಹೊಡೆದವನಿಗೂ ಆರು ಹೊಡೆದವನಿಗೂ ಅದೇ ಮಿತಿ.

1930ರಲ್ಲಿ ಎವರ್ಟನ್ ಕೆಳಗಿನ ವಿಭಾಗಕ್ಕೆ ಇಳಿಯಿತು. ಡೀನ್ ಬಿಟ್ಟುಹೋಗಲಿಲ್ಲ. ಮರುವರ್ಷ 39 ಗೋಲು, ತಂಡ ಮೇಲೇರಿತು, 1932ರಲ್ಲಿ 45 ಗೋಲು, ಲೀಗ್ ಪಟ್ಟ, 1933ರಲ್ಲಿ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮೇಲೆ 3–0, ನಾಯಕ ಡೀನ್‌ನದೂ ಒಂದು ಗೋಲು. ಕಪ್ಪಿನ ಅಂತಿಮ ಪಂದ್ಯದಲ್ಲಿ ಅಂಗಿಗೆ ಸಂಖ್ಯೆ ಹಚ್ಚಿದ್ದು ಅದೇ ಮೊದಲು. ಆತನಿಗೆ ಬಂದದ್ದು 9. ಇಂಗ್ಲೆಂಡಿನ ಪರವಾಗಿ ಮೊದಲ ಐದು ಪಂದ್ಯಗಳಲ್ಲಿ 12 ಗೋಲು ಹೊಡೆದಿದ್ದರೂ 16ನೆಯ ಪಂದ್ಯದ ನಂತರ, ಇಪ್ಪತ್ತೈದನೆಯ ವಯಸ್ಸಿನಲ್ಲಿಯೇ, ದೇಶದ ಕರೆ ನಿಂತುಹೋಯಿತು.

1937ರ ಆರಂಭದಲ್ಲಿ ಬರ್ನ್ಲಿಯಿಂದ ಟಾಮಿ ಲಾಟನ್ ಎಂಬ ಹದಿನೇಳರ ಹುಡುಗನನ್ನು ಕ್ಲಬ್ಬು ಕೊಂಡಿತು. ಅವನು ಬಂದುದು ತನ್ನ ಜಾಗಕ್ಕೇ ಎಂಬುದು ಡೀನ್‌ಗೆ ತಿಳಿದಿತ್ತು. ತಿಳಿದೂ, ಗಾಳಿಯಲ್ಲಿ ಬರುವ ಚೆಂಡಿಗೆ ತಲೆ ಕೊಡುವ ವಿದ್ಯೆಯನ್ನು ಹುಡುಗನಿಗೆ ತಾನೇ ಕಲಿಸಿದ. ಈ ಜೀವನದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಈ ಪ್ರಸಂಗ. ಅದಕ್ಕೆ ಪುಸ್ತಕದಲ್ಲಿ ಅಂಕಣವಿಲ್ಲ. ಇದ್ದರೆ ಲಾಟನ್‌ನ ಗೋಲುಗಳಲ್ಲಿ ಕೆಲವನ್ನು ಅಲ್ಲಿ ಬರೆಯಬೇಕಾದೀತು. 1938ರ ಮಾರ್ಚಿಯಲ್ಲಿ ಕ್ಲಬ್ಬು ಆತನನ್ನು ನಾಟ್ಸ್ ಕೌಂಟಿಗೆ ಮಾರಿತು. ಬೆಲೆ 3,000 ಪೌಂಡು. ಹದಿಮೂರು ವರ್ಷದ ಹಿಂದೆ ಕೊಂಡ ಬೆಲೆಯೇ.

ಆಮೇಲಿನದು ಸಂಕ್ಷೇಪ. ಐರ್ಲೆಂಡಿನ ಸ್ಲೈಗೋ ತಂಡದಲ್ಲಿ ಕೆಲಕಾಲ ಆಟ. ಯುದ್ಧದ ನಂತರ ಚೆಸ್ಟರಿನಲ್ಲಿ ಪಾನಗೃಹ. ಅದೂ ಮುಗಿದ ಮೇಲೆ ಲಿವರ್‌ಪೂಲಿನ ಕಂಪನಿಯೊಂದರಲ್ಲಿ ಸಾಮಾನ್ಯ ನೌಕರಿ. 1964ರಲ್ಲಿ ಗುಡಿಸನ್ ಪಾರ್ಕಿನಲ್ಲಿ ಆತನ ಸಹಾಯಾರ್ಥ ಪಂದ್ಯವೊಂದು ನಡೆಯಿತು. 1976ರಲ್ಲಿ ಒಂದು ಕಾಲನ್ನು ತೆಗೆಯಬೇಕಾಯಿತು.

1980ರ ಮಾರ್ಚ್ 1ರಂದು ಎವರ್ಟನ್ನಿಗೂ ನೆರೆಯ ಲಿವರ್‌ಪೂಲಿಗೂ ಗುಡಿಸನ್ ಪಾರ್ಕಿನಲ್ಲಿ ಪಂದ್ಯ. ಎಪ್ಪತ್ತಮೂರು ವರ್ಷದ ಡೀನ್ ನೋಡಲು ಬಂದಿದ್ದ. ಅಲ್ಲಿಯೇ ಹೃದಯಾಘಾತವಾಗಿ ಪ್ರಾಣ ಹೋಯಿತು. ನಾನು ಪುಸ್ತಕದಲ್ಲಿ ಆ ದಿನದ ಸಾಲನ್ನು ಹುಡುಕಿದೆ. ಎವರ್ಟನ್ 1, ಲಿವರ್‌ಪೂಲ್ 2 ಎಂದಿತ್ತು. ಪಕ್ಕದಲ್ಲಿ ಯಾರೋ ಸೀಸದ ಕಡ್ಡಿಯಿಂದ ಸಣ್ಣದೊಂದು ಗೆರೆ ಎಳೆದಿದ್ದರು. ಮರುದಿನ ಪುಸ್ತಕವನ್ನು ಹಿಂದಿರುಗಿಸುವಾಗ, ನೀನೇ ಏನಪ್ಪ ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿ ಹೌದು ಸಾರ್ ಎಂದ.