ಗಿರಾಕಿ ಇಲ್ಲದ ಅನಿಲಗಳನ್ನು ಹುಡುಕಿದವರು: ಸರ್ ವಿಲಿಯಂ ರಾಮ್ಸೆ

ನಮ್ಮ ಅರ್ಥಶಾಸ್ತ್ರದ ಪಾಠದಲ್ಲಿ ಉಚಿತ ಸರಕಿಗೆ ಉದಾಹರಣೆ ಕೇಳಿದರೆ ಇಡೀ ತರಗತಿ ಒಂದೇ ಉತ್ತರ ಹೇಳುತ್ತದೆ: ಗಾಳಿ. ಅದು ಎಲ್ಲೆಲ್ಲೂ ಇದೆ, ಯಾರೂ ತಯಾರಿಸಬೇಕಾಗಿಲ್ಲ, ಆದ್ದರಿಂದ ಬೆಲೆ ಇಲ್ಲ. ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಅಂಕವೂ ಸಿಗುತ್ತದೆ. ಆದರೆ ಅದೇ ಗಾಳಿಯನ್ನು ತಣ್ಣಗಾಗಿಸಿ, ಬಿಡಿಬಿಡಿಯಾಗಿ ಬೇರ್ಪಡಿಸಿ, ಸಿಲಿಂಡರಿಗೆ ತುಂಬಿ ಮಾರುವ ದೊಡ್ಡ ವ್ಯಾಪಾರ ಇಂದು ಜಗತ್ತಿನಾದ್ಯಂತ ನಡೆಯುತ್ತಿದೆ. ಸ್ಟೀಲ್ ಗೇಟು, ರೇಲಿಂಗು ಮಾಡಿಕೊಡುವ ಅಂಗಡಿಗಳ ಬೋರ್ಡಿನಲ್ಲಿ ಆರ್ಗಾನ್ ವೆಲ್ಡಿಂಗ್ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಆ ಆರ್ಗಾನ್ ನಾವು ಉಸಿರಾಡುವ ಗಾಳಿಯಲ್ಲೇ ಇರುವ ಅನಿಲ. ಆದರೂ ಅದು ಇದೆ ಎಂಬುದು 1894ರವರೆಗೆ ಯಾರಿಗೂ ಗೊತ್ತಿರಲಿಲ್ಲ. ಅದನ್ನೂ ಅದರ ಬಳಗದ ಇತರ ಅನಿಲಗಳನ್ನೂ ಬೆಳಕಿಗೆ ತಂದವರಲ್ಲಿ ಮುಖ್ಯರು ಸರ್ ವಿಲಿಯಂ ರಾಮ್ಸೆ. ಅವರು ಇವುಗಳನ್ನು ಹುಡುಕಿದಾಗ ಕೊಳ್ಳಲು ಒಬ್ಬ ಗಿರಾಕಿಯೂ ಇರಲಿಲ್ಲ. ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾದ ನನ್ನನ್ನು ಈ ವಿಜ್ಞಾನಿಯ ಜೀವನದ ಕಡೆಗೆ ಸೆಳೆದದ್ದು ಇದೇ ಸಂಗತಿ.

ರಾಮ್ಸೆ ಅವರು 1852ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆ ಎಂಜಿನಿಯರ್. ಹುಡುಗನಾಗಿದ್ದಾಗ ಫುಟ್‌ಬಾಲ್ ಆಡುತ್ತಾ ಕಾಲು ಮುರಿದುಕೊಂಡು ಹಾಸಿಗೆ ಹಿಡಿದರಂತೆ. ಆಗ ಪಟಾಕಿ ಮಾಡುವುದು ಹೇಗೆಂದು ತಿಳಿಯಲು ರಸಾಯನಶಾಸ್ತ್ರದ ಪುಸ್ತಕ ಓದತೊಡಗಿದರು. ಆ ಆಸಕ್ತಿ ಮತ್ತೆ ಬಿಡಲಿಲ್ಲ. ಗ್ಲಾಸ್ಗೋದಲ್ಲಿ ಓದಿದ ಮೇಲೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, 1872ರಲ್ಲಿ, ಇಪ್ಪತ್ತು ವರ್ಷದೊಳಗೆ ಡಾಕ್ಟರೇಟ್ ಪಡೆದರು. ಅವರಿಗೆ ಭಾಷೆಗಳು ಸುಲಭವಾಗಿ ಒಲಿಯುತ್ತಿದ್ದವು. ಕೈಕೆಲಸದಲ್ಲೂ ನಿಪುಣರು. ಪ್ರಯೋಗಕ್ಕೆ ಬೇಕಾದ ಗಾಜಿನ ಕೊಳವೆಗಳನ್ನು ತಾವೇ ಬೆಂಕಿಯಲ್ಲಿ ಕಾಯಿಸಿ, ಊದಿ, ಬೇಕಾದ ಆಕಾರಕ್ಕೆ ತರುತ್ತಿದ್ದರು. ಮುಂದೆ ಒಂದೊಂದು ಗುಳ್ಳೆಯಷ್ಟು ಅನಿಲವನ್ನೂ ಕಳೆದುಕೊಳ್ಳದೆ ಕೆಲಸ ಮಾಡಲು ಈ ಕೈಚಳಕವೇ ಅವರಿಗೆ ನೆರವಾಯಿತು.

1880ರಲ್ಲಿ ಬ್ರಿಸ್ಟಲ್ ನಗರದ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಮರುವರ್ಷ ಅದರ ಪ್ರಾಂಶುಪಾಲರೂ ಆದರು, ಅದೇ ವರ್ಷ ಮಾರ್ಗರೆಟ್ ಬುಕಾನನ್ ಅವರನ್ನು ಮದುವೆಯಾದರು. ಅದು ಹಣದ ಕೊರತೆಯಿದ್ದ ಕಾಲೇಜು. ಇಂಥ ಕಾಲೇಜುಗಳಿಗೆ ಸರ್ಕಾರ ಹಣ ಕೊಡಬೇಕೆಂದು ಒತ್ತಾಯಿಸಿದವರಲ್ಲಿ ರಾಮ್ಸೆ ಪ್ರಮುಖರು. 1889ರಲ್ಲಿ ಬ್ರಿಟಿಷ್ ಸರ್ಕಾರ ಅನುದಾನ ಕೊಡಲು ಆರಂಭಿಸಿತು. ಅಷ್ಟರಲ್ಲಿ ರಾಮ್ಸೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದಿದ್ದರು. 1887ರಿಂದ ಇಪ್ಪತ್ತೈದು ವರ್ಷ ಅಲ್ಲೇ ಪಾಠ ಮಾಡಿದರು.

ಅವರ ದೊಡ್ಡ ಕೆಲಸ ಶುರುವಾದದ್ದು ಲೆಕ್ಕದಲ್ಲಿ ಕಂಡ ಒಂದು ಸಣ್ಣ ವ್ಯತ್ಯಾಸದಿಂದ. ಲಾರ್ಡ್ ರಾಲೆ ಎಂಬ ವಿಜ್ಞಾನಿ ಸಾರಜನಕವನ್ನು ತೂಗುತ್ತಿದ್ದರು. ಗಾಳಿಯಿಂದ ತೆಗೆದ ಒಂದು ಲೀಟರ್ ಸಾರಜನಕ ಸುಮಾರು 1.257 ಗ್ರಾಂ ತೂಗಿತು. ರಾಸಾಯನಿಕಗಳಿಂದ ತಯಾರಿಸಿದ್ದು ಸುಮಾರು 1.251 ಗ್ರಾಂ. ಎಷ್ಟು ಸಲ ತೂಗಿದರೂ ಇದೇ ಫಲ. ಅಕೌಂಟೆನ್ಸಿ ಓದುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಟ್ರಯಲ್ ಬ್ಯಾಲೆನ್ಸ್ ಸ್ವಲ್ಪವೇ ತಾಳೆಯಾಗದಿದ್ದರೆ ಸಸ್ಪೆನ್ಸ್ ಖಾತೆಗೆ ಹಾಕಿ ಮುಂದೆ ಹೋಗಬಹುದು, ಇಲ್ಲವೇ ಕುಳಿತು ಕಾರಣ ಹುಡುಕಬಹುದು. ರಾಲೆ ಮತ್ತು ರಾಮ್ಸೆ ಕಾರಣ ಹುಡುಕಿದರು. ಕಾಯಿಸಿದ ಮೆಗ್ನೀಸಿಯಂ ಲೋಹ ಸಾರಜನಕವನ್ನು ಹೀರಿಕೊಳ್ಳುತ್ತದೆ. ರಾಮ್ಸೆ ಗಾಳಿಯ ಸಾರಜನಕವನ್ನು ಅದರ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಕೊನೆಗೆ ಯಾವುದರ ಜೊತೆಗೂ ಸೇರದ ಸ್ವಲ್ಪ ಅನಿಲ ಉಳಿಯಿತು. 1894ರ ಆಗಸ್ಟಿನಲ್ಲಿ ಇಬ್ಬರೂ ಇದನ್ನು ಲೋಕಕ್ಕೆ ತಿಳಿಸಿದರು. ಅದಕ್ಕೆ ಆರ್ಗಾನ್ ಎಂದು ಹೆಸರಾಯಿತು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಸೋಮಾರಿ. ಧಾತುಗಳ ಆವರ್ತಕ ಕೋಷ್ಟಕದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಆ ಕೋಷ್ಟಕ ಮಾಡಿದ ಮೆಂಡಲೀವ್ ಅವರೇ ಮೊದಲು ಇದನ್ನು ಹೊಸ ಧಾತುವೆಂದು ನಂಬಲಿಲ್ಲ.

ಮರುವರ್ಷ ರಾಮ್ಸೆ ಆರ್ಗಾನ್ ಹುಡುಕುತ್ತಾ ಯುರೇನಿಯಂ ಇರುವ ಒಂದು ಖನಿಜವನ್ನು ಆಮ್ಲದಲ್ಲಿ ಕಾಯಿಸಿದರು. ಹೊರಬಂದ ಅನಿಲದ ಬೆಳಕಿನಲ್ಲಿ ಒಂದು ಹಳದಿ ಗೆರೆ ಕಂಡಿತು. ಆ ಗೆರೆಗೆ ಒಂದು ಹಿಂದಿನ ಕಥೆಯಿದೆ. 1868ರ ಆಗಸ್ಟಿನ ಸಂಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ನಮ್ಮ ದೇಶದ ಗುಂಟೂರಿಗೆ ಬಂದಿದ್ದರು. ಅದೇ ವರ್ಷ ಸೂರ್ಯನ ಬೆಳಕಿನಲ್ಲಿ ಭೂಮಿಯ ಯಾವ ವಸ್ತುವಿಗೂ ಹೊಂದದ ಹಳದಿ ಗೆರೆಯೊಂದು ವಿಜ್ಞಾನಿಗಳ ಗಮನಕ್ಕೆ ಬಂದಿತ್ತು. ಅದನ್ನು ಹೊಸ ಧಾತುವಿನ ಗುರುತೆಂದು ಬಗೆದು, ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂದು ಕರೆದಿದ್ದರು. ಸೂರ್ಯನಲ್ಲಿ ಕಂಡ ಆ ಧಾತುವನ್ನು ರಾಮ್ಸೆ 1895ರಲ್ಲಿ ಭೂಮಿಯ ಮೇಲೆ ಕೈಗೆ ಸಿಗುವಂತೆ ಮಾಡಿದರು.

ಆ ಹೊತ್ತಿಗೆ ಗಾಳಿಯನ್ನು ದ್ರವವಾಗಿಸುವ ಯಂತ್ರಗಳು ಬಂದಿದ್ದವು. ರಾಮ್ಸೆ ಮತ್ತು ಅವರ ಕಿರಿಯ ಸಹಾಯಕ ಮಾರಿಸ್ ಟ್ರಾವರ್ಸ್ 1898ರ ಮೇ ಕೊನೆಯಲ್ಲಿ ದ್ರವ ಗಾಳಿಯನ್ನು ಆವಿಯಾಗಲು ಬಿಟ್ಟು, ತಳದಲ್ಲಿ ಉಳಿದದ್ದನ್ನು ಪರೀಕ್ಷಿಸಿದರು. ಅಲ್ಲಿ ಕ್ರಿಪ್ಟಾನ್ ಸಿಕ್ಕಿತು. ರಾತ್ರಿಯವರೆಗೆ ಕೆಲಸದಲ್ಲಿ ಮುಳುಗಿದ್ದವರಿಗೆ ಮರುದಿನ ಟ್ರಾವರ್ಸ್ ಅವರ ಡಾಕ್ಟರೇಟ್ ಪರೀಕ್ಷೆ ಇದೆ ಎಂಬುದೇ ಮರೆತುಹೋಗಿತ್ತಂತೆ! ಜೂನಿನಲ್ಲಿ ನಿಯಾನ್, ಜುಲೈನಲ್ಲಿ ಜೆನಾನ್. ಹೀಗೆ ಕೆಲವೇ ವಾರಗಳಲ್ಲಿ ಮೂರು ಹೊಸ ಧಾತುಗಳು. ಇವುಗಳ ಹೆಸರಿನ ಅರ್ಥ ಕ್ರಮವಾಗಿ ಅಡಗಿದ್ದು, ಹೊಸದು, ಅಪರಿಚಿತ. 1904ರಲ್ಲಿ ರಾಮ್ಸೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯೂ, ರಾಲೆ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯೂ ಬಂದವು.

ಇದರ ನಡುವೆ ರಾಮ್ಸೆ ನಮ್ಮ ನಾಡಿಗೂ ಬಂದು ಹೋಗಿದ್ದಾರೆ. ಜೆಮ್‌ಷೆಟ್‌ಜಿ ಟಾಟಾ ಅವರು ಭಾರತದಲ್ಲಿ ಒಂದು ವಿಜ್ಞಾನ ಸಂಸ್ಥೆ ಕಟ್ಟಲು ಹಣ ಕೊಡಲು ಮುಂದೆ ಬಂದಿದ್ದರು. ಅದರ ಬಗ್ಗೆ ಸಲಹೆ ಕೊಡಲು ರಾಮ್ಸೆ ಅವರನ್ನು ಕರೆಸಲಾಯಿತು. 1900ರ ಕೊನೆಯಲ್ಲಿ ಬಂದು, ದೇಶವನ್ನು ಸುತ್ತಿ ನೋಡಿ, ಬೆಂಗಳೂರು ಇದಕ್ಕೆ ತಕ್ಕ ಸ್ಥಳ ಎಂದು ಅವರು ಶಿಫಾರಸು ಮಾಡಿದರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು. 1904ರಲ್ಲೇ ತೀರಿಕೊಂಡ ಟಾಟಾ ಅವರಿಗೆ ಸಂಸ್ಥೆಯನ್ನು ಕಣ್ಣಾರೆ ನೋಡುವ ಭಾಗ್ಯ ಸಿಗಲಿಲ್ಲ. 1909ರಲ್ಲಿ ಸ್ಥಾಪನೆಯಾದ ಆ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಂಗಳೂರಿನ ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಅದರ ಮೊದಲ ನಿರ್ದೇಶಕರು ಪರೀಕ್ಷೆ ಮರೆತಿದ್ದ ಅದೇ ಮಾರಿಸ್ ಟ್ರಾವರ್ಸ್.

ಈಗ ವ್ಯಾಪಾರದ ಮಾತಿಗೆ ಬರೋಣ. 1905ರಲ್ಲಿ ಸಮುದ್ರದ ನೀರಿನಿಂದ ಚಿನ್ನ ತೆಗೆಯುವುದಾಗಿ ಹೇಳಿಕೊಂಡ ಒಂದು ಕಂಪನಿಗೆ ರಾಮ್ಸೆ ಬೆಂಬಲ ನೀಡಿದರು. ಚಿನ್ನ ಬರಲಿಲ್ಲ, ಕಂಪನಿಯೂ ಮರೆಯಾಯಿತು. ಚಿನ್ನಕ್ಕೆ ಸಾವಿರಾರು ವರ್ಷಗಳಿಂದ ಬೇಡಿಕೆ ಇತ್ತು, ಅದರಲ್ಲಿ ಅವರು ಸೋತರು. ಯಾರೂ ಕೇಳದಿದ್ದ ಅನಿಲಗಳಿಗೆ ಮಾತ್ರ ಅವರ ಕಣ್ಣೆದುರೇ ಮಾರುಕಟ್ಟೆ ಹುಟ್ಟತೊಡಗಿತು. ಫ್ರಾನ್ಸಿನಲ್ಲಿ ಜಾರ್ಜ್ ಕ್ಲಾಡ್ ಎಂಬವರು ಗಾಳಿಯನ್ನು ದ್ರವವಾಗಿಸಿ ಆಮ್ಲಜನಕ ತಯಾರಿಸುತ್ತಿದ್ದರು. ನಿಯಾನ್ ಅದರಲ್ಲಿ ಸಿಗುವ ಉಪ ಉತ್ಪನ್ನ. ಅದನ್ನು ಗಾಜಿನ ಕೊಳವೆಗೆ ತುಂಬಿ, ವಿದ್ಯುತ್ ಹಾಯಿಸಿ, 1910ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಕೆಂಪು ಬೆಳಕು ಹರಿಸಿದರು. ಅಲ್ಲಿಂದ ನಿಯಾನ್ ಜಾಹೀರಾತು ಫಲಕಗಳ ಕಾಲ ಶುರುವಾಯಿತು. ಮುಂದೆ ಬಲ್ಬಿನ ತಂತಿ ಬೇಗ ಸವೆಯದಿರಲು ಒಳಗೆ ಆರ್ಗಾನ್ ತುಂಬಲಾಯಿತು. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಉರಿದುಹೋಗದ ವಾಯುನೌಕೆಗಳಿಗಾಗಿ ಹೀಲಿಯಂ ಎಲ್ಲಿ ಸಿಗಬಹುದೆಂದು ರಾಮ್ಸೆ ಅವರೇ ವಿಚಾರಿಸುತ್ತಿದ್ದರು. ಅಮೆರಿಕದಲ್ಲಿದ್ದ ತಮ್ಮ ಹಳೆಯ ಶಿಷ್ಯರಿಗೂ ಇದರ ಬಗ್ಗೆ ಪತ್ರ ಬರೆದಿದ್ದರು. ಆದರೆ ಅವರಿಗೆ ಕ್ಯಾನ್ಸರ್ ಆಯಿತು. 1916ರ ಜುಲೈ 23ರಂದು ನಿಧನರಾದರು. ಹೀಲಿಯಂ ತುಂಬಿದ ಮೊದಲ ವಾಯುನೌಕೆ ಅಮೆರಿಕದಲ್ಲಿ ಹಾರಿದ್ದು 1921ರ ಡಿಸೆಂಬರಿನಲ್ಲಿ.

ಇಂದು ಈ ಅನಿಲಗಳ ಬೇಡಿಕೆ ಹೇಗಿದೆ? ಬಿಸಿ ಲೋಹಕ್ಕೆ ಗಾಳಿ ತಾಗಿದರೆ ಬೆಸುಗೆ ಕೆಡುತ್ತದೆ. ಆರ್ಗಾನ್ ಯಾವುದರ ಜೊತೆಗೂ ಸೇರದ ಕಾರಣ ಬೆಸುಗೆಗೆ ಅದೇ ಕಾವಲು. ಸೋಮಾರಿ ಎಂಬ ಗುಣಕ್ಕೇ ಇಲ್ಲಿ ದುಡ್ಡು. ಆಸ್ಪತ್ರೆಯ ಎಂಆರ್‌ಐ ಯಂತ್ರದ ಅಯಸ್ಕಾಂತವನ್ನು ತಂಪಾಗಿಡುವುದು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ. ಕಂಪ್ಯೂಟರ್ ಚಿಪ್ಪಿನ ಮೇಲೆ ಸೂಕ್ಷ್ಮ ಗೆರೆ ಮೂಡಿಸುವ ಲೇಸರಿಗೆ ನಿಯಾನ್ ಬೇಕು. ಇಸ್ರೋ 2017ರಲ್ಲಿ ಹಾರಿಸಿದ ಜಿಸ್ಯಾಟ್-9 ಉಪಗ್ರಹದ ವಿದ್ಯುತ್ ಚಾಲನೆಗೆ ಬಳಸಿದ್ದು ಜೆನಾನ್. ಇಂಥ ಕೆಲಸಗಳಲ್ಲಿ ಶುದ್ಧತೆಗೇ ಬೆಲೆ. 99.999 ಶೇಕಡಾ ಶುದ್ಧವಾದ ಅನಿಲವನ್ನು ಅದರಲ್ಲಿರುವ ಒಂಬತ್ತುಗಳನ್ನು ಎಣಿಸಿ ಫೈವ್ ನೈನ್ ಎಂದು ಕರೆಯುತ್ತಾರೆ. ಒಂಬತ್ತು ಹೆಚ್ಚಿದಂತೆ ದರವೂ ಏರುತ್ತದೆ.

ಪೂರೈಕೆಯ ಕಥೆ ಇನ್ನೂ ಸ್ವಾರಸ್ಯಕರ. ಹತ್ತು ಲಕ್ಷ ಲೀಟರ್ ಗಾಳಿಯಲ್ಲಿ ಆರ್ಗಾನ್ ಸುಮಾರು 9,300 ಲೀಟರ್ ಇದ್ದರೆ ನಿಯಾನ್ 18, ಕ್ರಿಪ್ಟಾನ್ ಒಂದು ಲೀಟರ್ ಮಾತ್ರ. ಜೆನಾನ್ ಅದಕ್ಕಿಂತಲೂ ಕಡಿಮೆ. ಬರೀ ನಿಯಾನಿಗಾಗಿ ಯಾರೂ ಕಾರ್ಖಾನೆ ಹಾಕುವುದಿಲ್ಲ. ಉಕ್ಕಿನ ಕಾರ್ಖಾನೆಗಳಿಗಾಗಿ ಆಮ್ಲಜನಕ ತೆಗೆಯುವ ದೊಡ್ಡ ಸ್ಥಾವರಗಳಲ್ಲಿ ಅದು ಜೊತೆಗೆ ಸಿಗುತ್ತದೆ. ಆದ್ದರಿಂದ ಬೆಲೆ ಏರಿದ ಕೂಡಲೇ ಪೂರೈಕೆ ಏರಬೇಕೆಂಬ ನಮ್ಮ ಪಾಠದ ನಿಯಮ ಇಲ್ಲಿ ಬೇಗ ನಡೆಯುವುದಿಲ್ಲ. ಚಿಪ್ಪಿಗೆ ಬೇಕಾದ ನಿಯಾನನ್ನು ಶುದ್ಧಗೊಳಿಸುವ ಮುಖ್ಯ ಘಟಕಗಳು ಉಕ್ರೇನಿನಲ್ಲಿದ್ದವು. 2022ರ ಯುದ್ಧದಿಂದ ಅವು ನಿಂತಾಗ ನಿಯಾನ್ ಬೆಲೆ ಹಲವು ಪಟ್ಟು ಏರಿತು. ಹೀಲಿಯಂ ಬೇರೆ ರೀತಿ. ಅದು ಸಿಗುವುದು ಅಮೆರಿಕ, ಕತಾರ್, ಅಲ್ಜೀರಿಯಾದಂಥ ಕೆಲವು ದೇಶಗಳ ನೈಸರ್ಗಿಕ ಅನಿಲದ ಜೊತೆಗೆ. ಅದು ದುಬಾರಿಯಾದರೆ ಹುಟ್ಟುಹಬ್ಬಕ್ಕೆ ಬಾಯಿಂದ ಊದಿದ ಬಲೂನೇ ಸಾಕು, ಆದರೆ ಎಂಆರ್‌ಐ ಯಂತ್ರಕ್ಕೆ ಬದಲಿ ಅನಿಲ ಇಲ್ಲ. ಒಂದೇ ಸರಕಿಗೆ ಒಂದು ಕಡೆ ಸ್ಥಿತಿಸ್ಥಾಪಕ ಬೇಡಿಕೆ, ಇನ್ನೊಂದು ಕಡೆ ಅಸ್ಥಿತಿಸ್ಥಾಪಕ ಬೇಡಿಕೆ!

ಗಾಳಿಯ ಬೆಲೆ ಏನೆಂದು 2021ರಲ್ಲಿ ಕೊರೋನಾ ಎರಡನೇ ಅಲೆ ನಮಗೆಲ್ಲ ತೋರಿಸಿತು. ಆಸ್ಪತ್ರೆಗಳಲ್ಲಿ ಆಮ್ಲಜನಕಕ್ಕೆ ಬೇಡಿಕೆ ಒಮ್ಮೆಲೇ ಏರಿದಾಗ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದಲೂ ಟ್ಯಾಂಕರುಗಳಲ್ಲಿ ದ್ರವ ಆಮ್ಲಜನಕ ಹೊರಟಿತು. ಉಕ್ಕಿಗಾಗಿ ಗಾಳಿಯಿಂದ ಬೇರ್ಪಡಿಸಿದ ಅನಿಲ ಜನರ ಉಸಿರಿಗೆ ಒದಗಿತು.

ಸ್ನೇಹಿತರೇ, ದ್ವಿತೀಯ ಪಿಯುಸಿಗೆ ಬಂದ ಮೇಲೆ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: ಮುಂದೆ ಯಾವ ಕೋರ್ಸಿಗೆ ಡಿಮ್ಯಾಂಡ್ ಇದೆ? ನಮ್ಮ ಮನೆಯಲ್ಲಿ ಈ ಪ್ರಶ್ನೆ ಉರ್ದುವಿನಲ್ಲಿ ಬರುತ್ತದೆ, ಆದರೆ ಡಿಮ್ಯಾಂಡ್ ಎಂಬ ಪದ ಮಾತ್ರ ಹಾಗೆಯೇ ಇರುತ್ತದೆ. ಮನೆ ನಡೆಸುವವರು ಹಾಗೆ ಕೇಳುವುದು ಸರಿಯೇ. ಆದರೆ ಇಂದು ಇರುವ ಡಿಮ್ಯಾಂಡನ್ನು ಮಾತ್ರ ನಾವು ಎಣಿಸಬಲ್ಲೆವು. 1898ರಲ್ಲಿ ಯಾರಾದರೂ ನಿಯಾನ್ ಮತ್ತು ಜೆನಾನಿಗೆ ಬೇಡಿಕೆ ರೇಖೆ ಬರೆಯಲು ಹೊರಟಿದ್ದರೆ ಒಂದು ಚುಕ್ಕೆ ಇಡುವುದಕ್ಕೂ ಆಗುತ್ತಿರಲಿಲ್ಲ. ರಾಮ್ಸೆ ಮತ್ತು ಟ್ರಾವರ್ಸ್ ಆ ವರ್ಷವೂ ರಾತ್ರಿಯವರೆಗೆ ಪ್ರಯೋಗಶಾಲೆಯಲ್ಲೇ ಇದ್ದರು.