ಬೀಗ ಮಾಡುವವರ ಮಗ ಜಾರ್ಜ್ ಓಮ್

ಹತ್ತನೇ ತರಗತಿಯಲ್ಲಿ ಓಮ್‌ನ ನಿಯಮ ಬಾಯಿಪಾಠ ಮಾಡದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಕ್ಕಿಲ್ಲ. ನಾನೀಗ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಆದರೂ ಆ ಮನುಷ್ಯನ ಜೀವನ ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ.

ಜಾರ್ಜ್ ಸೈಮನ್ ಓಮ್ 1789ರ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್‌ನಲ್ಲಿ ಹುಟ್ಟಿದರು. ತಂದೆ ಬೀಗ ತಯಾರಿಸುತ್ತಿದ್ದರು. ತಾಯಿ ದರ್ಜಿಯ ಮಗಳು; ಮಗನಿಗೆ ಹತ್ತು ವರ್ಷವಿದ್ದಾಗ ತೀರಿಕೊಂಡರು. ತಂದೆ ತಾವೇ ಓದಿ ಗಣಿತ ಕಲಿತು ಮಕ್ಕಳಿಗೆ ಹೇಳಿಕೊಟ್ಟರು. ಓಮ್ 1805ರಲ್ಲಿ ವಿಶ್ವವಿದ್ಯಾಲಯ ಸೇರಿದರು. ಆದರೆ ಮಗ ಕುಣಿತ, ಬಿಲಿಯರ್ಡ್ಸ್ ಅಂತ ಕಾಲ ಕಳೆಯುತ್ತಿದ್ದಾನೆಂದು ತಂದೆಗೆ ಸಿಟ್ಟು ಬಂದು ಅವರನ್ನು ಸ್ವಿಟ್ಜರ್ಲೆಂಡಿಗೆ ಕಳಿಸಿದರು. (ಈ ಭಾಗ ನಮ್ಮ ಅಬ್ಬಾಗೆ ಬಹಳ ಇಷ್ಟವಾಯಿತು.) ಅಲ್ಲಿ ಪಾಠ ಹೇಳುತ್ತಾ ತಾವೂ ಓದಿಕೊಂಡು 1811ರಲ್ಲಿ ಡಾಕ್ಟರೇಟ್ ಪಡೆದರು.

1817ರಲ್ಲಿ ಕಲೋನ್ ನಗರದ ಶಾಲೆಯಲ್ಲಿ ಮೇಷ್ಟ್ರಾದರು. ಅಲ್ಲಿನ ಪ್ರಯೋಗಾಲಯವೇ ಅವರ ಬದುಕನ್ನು ಬದಲಿಸಿತು. ಬೇರೆ ಬೇರೆ ಉದ್ದದ ತಂತಿಗಳಲ್ಲಿ ವಿದ್ಯುತ್ ಹರಿಸಿ, ಮೇಲೆ ತೂಗುಬಿಟ್ಟ ಅಯಸ್ಕಾಂತದ ಸೂಜಿ ಎಷ್ಟು ತಿರುಗುತ್ತದೆಂದು ನೋಡಿದರು. ಅಂದಿನ ಬ್ಯಾಟರಿ ಒಂದೇ ಸಮ ಇರುತ್ತಿರಲಿಲ್ಲ. ಆಗ ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿ, ಒಂದು ಕೊನೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ವಿದ್ಯುತ್ ಸ್ಥಿರವಾಯಿತು. ತಂತಿ ಉದ್ದವಾದಷ್ಟೂ ಪ್ರವಾಹ ಕಡಿಮೆಯಾಗುವುದು ಲೆಕ್ಕಕ್ಕೆ ಸಿಕ್ಕಿತು. ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ರೋಧ, ಅಷ್ಟೇ.

ಇದು ನಮ್ಮ ಮಲೆನಾಡಿಗೆ ಬೇಕಾದ ಲೆಕ್ಕ. ಲಿಂಗನಮಕ್ಕಿ ಅಣೆಕಟ್ಟು ಸಾಗರ ತಾಲ್ಲೂಕಿನಲ್ಲಿದೆ. ಅದಕ್ಕಾಗಿ ಸಾಗರ, ಹೊಸನಗರದ ಎಷ್ಟೋ ಊರುಗಳು ಮುಳುಗಿದವು. ಆದರೂ ತೋಟದ ನಡುವಿನ ಒಂಟಿ ಮನೆಗಳಿಗೆ ತಂತಿ ದೂರದಿಂದ ಬರುವುದರಿಂದ ಸಂಜೆ ವೋಲ್ಟೇಜ್ ಬೀಳುತ್ತದೆ. ತೀರ್ಥಹಳ್ಳಿಯಲ್ಲಿ ವೈರಿಂಗ್ ಕೆಲಸ ಮಾಡುವ ನಮ್ಮ ಮಾಮು ಜೊತೆ ಕೂತು ನೀರು ಕಾಯಿಸುವ ಕಾಯಿಲ್‌ನ ಲೆಕ್ಕ ಹಾಕಿದೆ. 230 ವೋಲ್ಟ್‌ಗೆ 1000 ವ್ಯಾಟ್ ಎಂದು ಬರೆದಿದ್ದರೆ ಪ್ರವಾಹ 4.35 ಆಂಪಿಯರ್, ರೋಧ ಸುಮಾರು 52.9 ಓಮ್. ವೋಲ್ಟೇಜ್ 160ಕ್ಕೆ ಇಳಿದರೆ ಪ್ರವಾಹ 3.02 ಆಂಪಿಯರ್. 160ನ್ನು 3.02ರಿಂದ ಗುಣಿಸಿದರೆ ಸುಮಾರು 484 ವ್ಯಾಟ್, ಅರ್ಧಕ್ಕಿಂತ ಕಡಿಮೆ! ನೀರು ಕಾಯಲು ದುಪ್ಪಟ್ಟು ಹೊತ್ತು ಬೇಕು, ಯೂನಿಟ್ ಮಾತ್ರ ಉಳಿಯುವುದಿಲ್ಲ. (ಪ್ರವಾಹದಿಂದ ಹುಟ್ಟುವ ಶಾಖದ ನಿಯಮವನ್ನು 1841ರಲ್ಲಿ ಕೊಟ್ಟವರು ಓಮ್ ಅಲ್ಲ, ಇಂಗ್ಲೆಂಡಿನ ಜೂಲ್.)

ಓಮ್ ಅರ್ಧ ಸಂಬಳದ ರಜೆ ಹಾಕಿ ಬರ್ಲಿನ್‌ಗೆ ಹೋಗಿ ಪುಸ್ತಕ ಬರೆದರು. 1827ರಲ್ಲಿ ಅದು ಅಚ್ಚಾಯಿತು. ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಗುತ್ತದೆಂದು ನಂಬಿದ್ದರು. ಸಿಗಲಿಲ್ಲ. ಪುಸ್ತಕದ ತುಂಬ ಗಣಿತವಿತ್ತು, ಅಂದಿನ ಪಂಡಿತರಲ್ಲಿ ಹೆಚ್ಚಿನವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮನಸ್ಸು ಮುರಿದು ಇದ್ದ ಕೆಲಸವನ್ನೂ ಬಿಟ್ಟರು. 1833ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಕೆಲಸ ಸಿಗುವವರೆಗೆ ಸಣ್ಣಪುಟ್ಟ ಪಾಠ ಹೇಳಿ ಬದುಕಿದರು. ಅದೇ ಲೆಕ್ಕ, ಅದೇ ಪುಸ್ತಕ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟಿತು.

ಮ್ಯೂನಿಕ್‌ನಲ್ಲಿ ಪೂರ್ಣ ಪ್ರಾಧ್ಯಾಪಕ ಹುದ್ದೆ ಬಂದದ್ದು 1852ರಲ್ಲಿ, 63ನೇ ವಯಸ್ಸಿಗೆ. 1854ರ ಜುಲೈ 6ರಂದು ಅಲ್ಲೇ ತೀರಿಕೊಂಡರು. ರೋಧದ ಅಳತೆಗೆ ಅವರ ಹೆಸರನ್ನು ಪ್ಯಾರಿಸ್ ಸಮ್ಮೇಳನ ಒಪ್ಪಿದ್ದು 1881ರಲ್ಲಿ.